ಬಿಸಿ ಟಿಪ್ಪಿನ ಮೇಲೆ ಬಿದ್ದ ತೀರ್ಥ

ಮಲ್ಲಣ್ಣ, ಖಂಡೇಪೂಜೆಯ ದಿನ ನಿಮ್ಮ ಬಲಗಣ್ಣು ಹೋದದ್ದು ನಿಮ್ಮ ಕೈತಪ್ಪಿನಿಂದಲ್ಲ. ತಪ್ಪು ನನ್ನದು. ಹೇಳಬಹುದಿತ್ತು — ಹೇಳಲಿಲ್ಲ.

ಆಟೋ ನಗರದ ಆ ವರ್ಕ್‌ಶಾಪಿಗೆ ಸೆರಾಮಿಕ್ ಟಿಪ್ ತರಿಸಿದವನು ನಾನೇ, ಹೊಸ ಇಂಜಿನಿಯರ್. ಲೇಥಿನಲ್ಲಿ ಬೀಡು ಕಬ್ಬಿಣವನ್ನು ಸಲೀಸಾಗಿ ಕೊರೆಯುವ ಆ ಬಿಳಿ ಚೂರನ್ನು ಲೇಥ್ ನಡೆಸುತ್ತಿದ್ದ ನಿಮ್ಮ ಅಂಗೈಯಲ್ಲಿಟ್ಟು ಎಷ್ಟು ಜಂಬದಿಂದ ವಿವರಿಸಿದ್ದೆ! ಕಬ್ಬಿಣದಲ್ಲಿ ಎಲೆಕ್ಟ್ರಾನುಗಳು ಅಡ್ಡಾಡಿಕೊಂಡಿರುತ್ತವೆ, ಹಾಗಾಗಿ ಪರಮಾಣುಗಳ ಸಾಲು ಜಾರುತ್ತದೆ, ಕಬ್ಬಿಣ ಬಾಗುತ್ತದೆ. ಇದರಲ್ಲಿ ಅಲ್ಯೂಮಿನಿಯಂ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನು ಆಕ್ಸಿಜನ್ ಬಿಗಿಯಾಗಿ ಹಿಡಿದಿರುತ್ತದೆ, ಸಾಲು ಜಾರುವುದಿಲ್ಲ, ಅದಕ್ಕೇ ಇಷ್ಟು ಗಟ್ಟಿ ಎಂದು. "ಭಾರೀ ಐತಿ ಬಿಡ್ರಿ ಸಾಹೇಬ್ರ" ಎಂದು ನಕ್ಕಿರಿ. ಉಳಿದರ್ಧ ನುಂಗಿಬಿಟ್ಟೆ — ಜಾರದ್ದು ಬಾಗುವುದೂ ಇಲ್ಲ, ಕಾದಿರುವಾಗ ನೀರು ತಾಗಿದರೆ ಬಿರುಕು ಬಿಡುತ್ತದೆ. ಹೊಗಳಿಕೆಯ ನಡುವೆ ಅದೊಂದು ಯಾಕೆ ಅನ್ನಿಸಿತು.

ಅವತ್ತು ಪೂಜೆಯ ಹೊತ್ತಿನವರೆಗೂ ಮಷೀನು ಓಡಿತ್ತು. ನಿಲ್ಲಿಸಿದವರೇ ನೀವು ವಿಭೂತಿ ಹಚ್ಚಿ, ಹೂವಿನಿಂದ ಟಿಪ್ಪಿನ ಮೇಲೆ ತೀರ್ಥ ಚಿಮುಕಿಸಿದಿರಿ. ಚುಂಯ್ ಎಂದಿತು. ನನಗೆ ಕೇಳಿಸಿತು. ಮಾಲೀಕರು ಕೈಮುಗಿದು ನಿಂತಿದ್ದರು. ಪೂಜೆಯ ನಡುವೆ ಹೇಗೆ ತಡೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಕಾಯಿ ಒಡೆದು, ಶಾಸ್ತ್ರಕ್ಕೆಂದು ನೀವು ಮಷೀನು ಮತ್ತೆ ಚಾಲೂ ಮಾಡಿದಿರಿ, ರಕ್ಷಣೆಯ ಕನ್ನಡಕ ಹಾಕದೆ. ನಾನು ಪ್ರಸಾದ ತಿನ್ನುತ್ತಿದ್ದೆ. ಕಬ್ಬಿಣಕ್ಕೆ ತಾಗಿದ್ದೇ ಟಿಪ್ ಸಿಡಿದು ಚೂರು ನಿಮ್ಮ ಕಣ್ಣಿಗೆ — ಅಯ್ಯೋ —

"ಏನಾತ್ರಿ ಇದು?" ಎಂದು ಮಾಲೀಕರು ಕೇಳಿದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಟಿಪ್ ಜೋರ ಒತ್ತ್ಯಾರ್ರಿ. ಅವರ ಕೈತಪ್ಪು."

ನನ್ನ ನೌಕರಿ ಉಳಿಯಿತು, ನಿಮ್ಮದು ಹೋಯಿತು.

ಮೊನ್ನೆ ನಂದಗಡದ ಸಂತೆಯಲ್ಲಿ ಸಿಕ್ಕಿರಿ. ಹೇಳಬೇಕೆಂದೇ ನಿಂತೆ. ನೀವೇ ನನ್ನ ಕೈ ಹಿಡಿದುಕೊಂಡು, "ನಿಮ್ಮ ಹೊಸಾ ಸಾಮಾನ ಹಾಳ ಮಾಡಿದ್ನಲ್ರಿ ಸಾಹೇಬ್ರ. ಖರೇ ಹೇಳತೇನಿ, ತೀರ್ಥ ಹಾಕಿದ್ದಕ್ಕ ಇದೊಂದ ಕಣ್ಣರ ಉಳೀತು" ಅಂದಿರಿ.

ಹೇಳಿದರೆ ನಿಮ್ಮ ಕೈ ತಪ್ಪು ಮಾಡಿರಲಿಲ್ಲ ಎಂದು ನಿಮಗೆ ಗೊತ್ತಾಗುತ್ತದೆ. ಆದರೆ ಕಣ್ಣು ತೆಗೆದದ್ದು ಆ ತೀರ್ಥವೇ ಎಂದೂ — ಕೈ ಬಿಡಿಸಿಕೊಂಡು ಹೊರಟುಬಿಟ್ಟೆ. ಹಿಂದವಾಡಿಯ ಮನೆ ಸೇರುವವರೆಗೂ ಅಳು ನಿಲ್ಲಲಿಲ್ಲ.

ಗೊತ್ತಿದ್ದವನು ಅಲ್ಲಿ ನಾನೊಬ್ಬನೇ ಇದ್ದೆ. ಮುಂದಿನ ಸಂತೆಗೆ ಬರುತ್ತೇನೆ, ಎಲ್ಲವನ್ನೂ ಹೇಳುತ್ತೇನೆ. ಹೇಳುವಾಗ ನಿಮ್ಮ ಯಾವ ಕಣ್ಣು ನೋಡಲಿ, ಮಲ್ಲಣ್ಣ?