ಮೂರು ಬೆರಳು

ಇಲಿಮರಿಯ ಒಂದು ಕಣ್ಣನ್ನು ಕೆಲವು ದಿನ ಮುಚ್ಚಿಡುತ್ತೇವೆ. ಆಮೇಲೆ ತೆರೆದರೆ ಕಣ್ಣಿಗೇನೂ ಆಗಿರುವುದಿಲ್ಲ, ಆದರೆ ಮಿದುಳು ಅದರ ಜಾಗವನ್ನು ಇನ್ನೊಂದು ಕಣ್ಣಿಗೆ ಕೊಟ್ಟುಬಿಟ್ಟಿರುತ್ತದೆ. ಎಳೆಯದರಲ್ಲಿ ತಿದ್ದಿದರೆ ಉಂಟು, ಇಲ್ಲವಾದರೆ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹುಮನಾಬಾದಿನ ಯಾವ ಮುದುಕಿಯಾದರೂ ಹೇಳುವ ಮಾತನ್ನು ಹೈದರಾಬಾದಿನ ಪ್ರಯೋಗಾಲಯದಲ್ಲಿ ಕೂತು ಸಾಬೀತು ಮಾಡುವುದರಲ್ಲೇ ನನ್ನ ಇಪ್ಪತ್ತು ವರ್ಷ ಹೋಯಿತು. ಅದಕ್ಕಾಗಿ ನನಗೆ ಶಾಲನ್ನೂ ಹೊದಿಸಿದ್ದಾರೆ.

ನನ್ನ ತಂಗಿಯ ಮಗಳಿಗೆ ಹುಟ್ಟುವಾಗಲೇ ಎಡಗಣ್ಣಿನಲ್ಲಿ ಪೊರೆಯಿತ್ತು. ಆಪರೇಷನ್ ಮಾಡಿಸಿ ತೆಗೆಸಿದೆವು. ಇನ್ನು ಆ ಕಣ್ಣಿಗೆ ನೋಡುವುದನ್ನು ಕಲಿಸಬೇಕು, ಅದಕ್ಕೆ ದಿನವೂ ಒಳ್ಳೆಯ ಕಣ್ಣಿನ ಮೇಲೆ ಪಟ್ಟಿ ಅಂಟಿಸಬೇಕು ಎಂದರು ಡಾಕ್ಟರು. ನನ್ನದೇ ಪಾಠ ಅದು. ತಂಗಿಗೆ ಫೋನಿನಲ್ಲಿ ಹತ್ತು ನಿಮಿಷದಲ್ಲಿ ತಿಳಿಸಿ ಹೇಳಿ ಕೈತೊಳೆದುಕೊಂಡೆ. ಅವಳು ಬಸವಕಲ್ಯಾಣದಲ್ಲಿ ಟೀಚರು. ಬೆಳಿಗ್ಗೆ ಹುಮನಾಬಾದಿನ ಮನೆಯಲ್ಲಿ ಪಟ್ಟಿ ಅಂಟಿಸಿ, ಮಗುವನ್ನು ನಮ್ಮ ಅವ್ವನ ಕೈಗೆ ಕೊಟ್ಟು ಬಸ್ಸು ಹತ್ತುತ್ತಿದ್ದಳು. ಸಂಜೆ ಬಂದಾಗ ಪಟ್ಟಿ ಇದ್ದಲ್ಲೇ ಇರುತ್ತಿತ್ತು. ಆದರೂ ವರ್ಷಗಟ್ಟಲೆ ಎಡಗಣ್ಣು ಸುಧಾರಿಸಲಿಲ್ಲ. ಒಬ್ಬೊಬ್ಬರ ಮಿದುಳು ಒಂದೊಂದು ತರಹ ಎಂದು ನಾನು ದೊಡ್ಡ ಮಾತಾಡಿದೆ.

ಹುಡುಗಿಗೆ ಐದು ತುಂಬುತ್ತಿದ್ದಾಗ ಒಂದು ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಹೋದೆ. ಮುಖ ತೊಳೆದು ಕನ್ನಡಿಯ ಮುಂದೆ ನಿಂತರೆ, ತಂಗಿ ಅಂಟಿಸಿಟ್ಟ ಹಣೆಯ ಟಿಕಳಿಗಳ ಪಕ್ಕದಲ್ಲಿ ಆ ಪಟ್ಟಿ! ಹುಡುಗಿ ಎರಡೂ ಕಣ್ಣು ಬಿಟ್ಟುಕೊಂಡು ಅಂಗಳದಲ್ಲಿ ಆಡುತ್ತಿದ್ದಳು.

"ಯಾಕವ್ವಾ ಹಿಂಗ ಮಾಡಿದಿ?" ಎಂದು ಕೂಗಿಯೇಬಿಟ್ಟೆ.

"ಚಲೋ ಇದ್ದ ಕಣ್ಣ ಯಾರರ ಮುಚ್ಚತಾರೇನು? ಕೂಸು ಗ್ವಾಡಿಗಿ ಬಡಕೊಂಡು ಅಳತಿತ್ತು. ನನ್ನ ಕೈಲೆ ನೋಡಲಿಕ್ಕ ಆಗಲಿಲ್ಲ. ಬಸ್ಸು ಬರೋ ಹೊತ್ತಿಗಿ ಮತ್ತ ಹಚ್ಚತಿದ್ದೆ." ಆಮೇಲೆ ಅವ್ವ ಮೆಲ್ಲಗೆ ಹೇಳಿದಳು, "ಯಾಕ ಮುಚ್ಚಬೇಕಂತ ನನಗ ಯಾರೂ ಹೇಳಲಿಲ್ಲಲ್ಲ."

ನನ್ನ ಸಿಟ್ಟು ನನ್ನ ಬಾಯಲ್ಲೇ ಒಣಗಿತು. ಎಷ್ಟೋ ಸಭೆಗಳಲ್ಲಿ ಇದೇ ವಿಷಯ ಹೇಳಿ ಚಪ್ಪಾಳೆ ತಗೊಂಡವಳು ನಾನು. ದಿನವಿಡೀ ಆ ಮಗುವನ್ನು ನೋಡಿಕೊಳ್ಳುವ ಅವ್ವನ ಎದುರು ಹತ್ತು ನಿಮಿಷ ಕೂತಿರಲಿಲ್ಲ. ಅವಳಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅವತ್ತೇ ಅವ್ವನ ಎದುರು ಕೂತು ಎಲ್ಲ ಬಿಡಿಸಿ ಹೇಳಿದೆ. ಆಮೇಲೆ ಎರಡು ವರ್ಷ ಅವ್ವನೇ ನಿಂತು ಪಟ್ಟಿ ಅಂಟಿಸಿದಳು. ಹುಡುಗಿ ಅತ್ತರೆ ತಾನೂ ಅಳುತ್ತಿದ್ದಳು, ತೆಗೆಯುತ್ತಿರಲಿಲ್ಲ. ಆದರೆ ಕಾಲ ಮೀರಿತ್ತು. ಇನ್ನು ಪಟ್ಟಿ ಬೇಡ ಎಂದರು ಡಾಕ್ಟರು. ಅವ್ವ ಮಾತ್ರ ಅದನ್ನು ಒಪ್ಪಲಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಬಾಗಿಲಲ್ಲೇ ಹಿಡಿದಳು. "ಬಾ ಇಲ್ಲಿ. ಈಗ ಆಕಿಗಿ ಕಾಣಸಾಕತ್ತದ, ನೋಡು."

ಎಂಟು ವರ್ಷದ ಹುಡುಗಿ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂತಳು. ಅವ್ವ ಅಂಗಳದ ಈಚೆಗೆ ನಿಂತು ಬೆರಳೆತ್ತಿದಳು.

"ಎಷ್ಟವ?"

"ಮೂರು."

ಮೂರೇ ಇದ್ದವು. ಅವ್ವ ಕೈ ಇಳಿಸಿ ಮತ್ತೆ ಎತ್ತಿದಳು. ಮತ್ತೆ ಮೂರು. ಮೂರನೆಯ ಸಲವೂ ಅವ್ವನ ಕೈಯಲ್ಲಿ ಎದ್ದದ್ದು ಮೂರೇ ಬೆರಳು. ಪ್ರತಿಸಲ ಅಷ್ಟೇ ಎತ್ತುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ. ಹುಡುಗಿಗೆ ಮಾತ್ರ ಅದು ಯಾವತ್ತೋ ಗೊತ್ತಾಗಿತ್ತು. ಮೂರು ಎಂದರೆ ಅಜ್ಜಿಯ ಮುಖ ಅರಳುತ್ತದೆ ಎಂಬುದೂ ಗೊತ್ತಾಗಿತ್ತು.

"ಈಗ ನೀನೇ ಕೇಳು. ನೀ ಕಲತಾಕಿ ಇದ್ದಿ," ಎಂದಳು ಅವ್ವ.

ಪ್ರಯೋಗದ ಲೆಕ್ಕದಲ್ಲಿ ಒಂದು ಅಂಕಿ ತಿದ್ದಿದ್ದಕ್ಕೆ ವಿದ್ಯಾರ್ಥಿಗಳನ್ನು ಅಳುವಂತೆ ಬೈದವಳು ನಾನು. ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳು ಲೆಕ್ಕ ಬರೆದಿಲ್ಲ. ಎರಡು ಬೆರಳು ಎತ್ತಿದರೆ ಸಾಕಿತ್ತು, ಸತ್ಯ ಹೊರಬೀಳುತ್ತಿತ್ತು. ಅವ್ವ ಉಸಿರು ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಳು.

ನಾನು ಮೂರು ಬೆರಳು ಎತ್ತಿದೆ.