ಬಾಹ್ಯಾಕಾಶ ಸಿನಿಮಾಕ್ಕೆ ಕೊಪ್ಪದ ತಡೆಯಾಜ್ಞೆ

ಗೆಳೆಯರೇ, ಲೋಕಕ್ಕೆ ತಿಳಿಸುವುದೇನೆಂದರೆ, ನಾವೆಲ್ಲ ಮೆಚ್ಚಿದ ಆ ಬಾಹ್ಯಾಕಾಶ ಸಿನಿಮಾ ಸರಣಿಯನ್ನು ಮತ್ತೆ ಹೊಸದಾಗಿ ತೆಗೆಯಕೂಡದೆಂದು ಇಂದು ಕೊಪ್ಪ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ತೀರ್ಮಾನವಾಗಿದೆ. ಸಭೆಯಲ್ಲಿದ್ದವರು ನಾನು ಮತ್ತು ಶೇಷಗಿರಿ. ಹಿಂದೆ ವಿಡಿಯೋ ಹಾಲಿನಲ್ಲಿ ಇಂಗ್ಲಿಷ್ ಸಿನಿಮಾ ಹಾಕಿದಾಗ ಪರದೆ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದನಲ್ಲ, ಅವನೇ.

"ಹೊಸದು ಕನ್ನಡದಲ್ಲೇ ಮಾತಾಡ್ತದಂತೆ ಮಾರಾಯ," ಎಂದ.

"ಒಳ್ಳೇದೇ ಅಲ್ವನಾ?"

"ಎಂತ ಒಳ್ಳೇದು? ನಂಗೆ ಇಂಗ್ಲಿಷ್ ಎಲ್ಲಿ ಬರ್ತಿತ್ತು? ಹೇಳಿದ್ದೆಲ್ಲ ನಾನೇ ಕಟ್ಟಿದ್ದು. ಈಗ್ಲೂ ಜನ ನನ್ನ ಕೂರಿಸ್ಕೊಂಡು ಟೀ ಕೊಡ್ಸೋದು ಆ ಕಥೆಗೇ."

ನಗಲು ಹೋಗಿ, ಅವನಿಗೆ ಇನ್ನೊಂದು ಟೀ ಹೇಳಿದೆ. ಅವನ ಕಥೆಯ ಹಾಗೆ ನಾಯಕ ಸತ್ತಿಲ್ಲ, ಬೇರೆ ಗ್ರಹದಲ್ಲಿ ಗದ್ದೆ ಮಾಡಿಕೊಂಡಿದ್ದಾನೆಂದು ಇವತ್ತಿನವರೆಗೆ ನಾನೂ ನಂಬಿದ್ದೆ.

ನಮ್ಮ ತೀರ್ಮಾನ ಕೇಳುವವರಿಲ್ಲ, ಸಿನಿಮಾ ಬಂದೇ ಬರುತ್ತದೆ. ಶೇಷಗಿರಿಯ ಹತ್ತಿರ ಈ ಪೋಸ್ಟ್ ಓದುವಂಥ ಫೋನಿಲ್ಲವೆಂಬ ಧೈರ್ಯಕ್ಕೆ ಇದನ್ನು ಬರೆದಿದ್ದೇನೆ. ನೋಡಿ ಬಂದವರು ಒಂದು ಉಪಕಾರ ಮಾಡಿ: ಏನೂ ಅರ್ಥವಾಗಲಿಲ್ಲವೆಂದು ಅವನ ಹತ್ತಿರವೇ ಕಥೆ ಕೇಳಿ.