ಭಾವನ ಸೊಂಟದ ಅಳತೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ದರ್ಜಿ. ಯಾರನ್ನು ನಂಬದಿದ್ದರೂ ಕೊರಳಲ್ಲಿ ನೇತಾಡುವ ಬಟ್ಟೆಯ ಟೇಪನ್ನು ನಂಬುವ ಆಸಾಮಿ. ಕೆಲವು ವರ್ಷಗಳ ಹಿಂದೆ ಅವರ ಲಿವರ್‌ನಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. "ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದರೂ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸ್ತಾ ಇರಿ" ಎಂದಿದ್ದರು ಡಾಕ್ಟರಮ್ಮ. ಭಾವನ ಕಿವಿಗೆ ಬಿದ್ದದ್ದು ಆ 'ಆದರೂ' ಒಂದೇ.

ಗಡ್ಡೆ ಮತ್ತೆ ಬಂದರೆ ಮೈ ಇಳಿಯುತ್ತದೆ ಎಂದು ಯಾರೋ ಗಿರಾಕಿ ತಲೆಗೆ ಹುಳ ಬಿಟ್ಟಿದ್ದ. ಅಂದಿನಿಂದ ಪ್ರತಿ ಭಾನುವಾರ ಅಂಗಡಿಯ ಕನ್ನಡಿಯ ಮುಂದೆ ನಿಂತು ತಮ್ಮ ಸೊಂಟ ತಾವೇ ಅಳೆದುಕೊಳ್ಳುತ್ತಿದ್ದರು. ಈ ವರ್ಷ ಅದು ಇಳಿಯತೊಡಗಿತು. ಮೊದಲು ಕಾಲಿಂಚು, ಆಮೇಲೆ ಅರ್ಧ, ಕೊನೆಗೆ ಒಂದಿಂಚು. ಸ್ಕ್ಯಾನಿನ ದಿನ ಬಂತು, ಹೋಯಿತು. ಭಾವ ಹೊಲಿಗೆ ಮೆಷಿನ್ ಬಿಟ್ಟು ಏಳಲಿಲ್ಲ.

"ಹೋಗೋಣ ರೀ" ಎಂದು ಅಕ್ಕ ಅಂಗಲಾಚಿದಳು.

"ಹೋಗಿ ಏನ್ ಕೇಳಿಸ್ಕೊಳ್ಳಲಿ? ಟೇಪೇ ಹೇಳ್ತಿದೆಯಲ್ಲ."

"ಪ್ಯಾಂಟು ಮೊದಲಿನ ಹಾಗೇ ಬಿಗಿಯಾಗಿದೆಯಲ್ಲ ಭಾವ?" ಎಂದೆ ನಾನು.

"ಒಗೆದೂ ಒಗೆದೂ ಬಟ್ಟೆ ಕುಗ್ಗಿರುತ್ತೆ. ನಿನಗೇನ್ ಗೊತ್ತು, ಸುಮ್ನಿರು!"

ಅವರ ಹೆದರಿಕೆ ಮನೆಗೆಲ್ಲ ಅಂಟಿತು. ಅವರು ಒಮ್ಮೆ ಕೆಮ್ಮಿದರೂ ನಾನು ಓಡಿಹೋಗಿ ನೋಡುತ್ತಿದ್ದೆ. ಅವರು ತಟ್ಟೆಯಲ್ಲಿ ಬಿಟ್ಟ ಅನ್ನವನ್ನೇ ನೋಡುತ್ತ ಅಕ್ಕ ಕೂತುಬಿಡುತ್ತಿದ್ದಳು.

ಅಷ್ಟರಲ್ಲಿ ಶಾಲೆಯೊಂದರಿಂದ ಯೂನಿಫಾರ್ಮುಗಳ ಗಂಟು ವಾಪಸು ಬಂತು. ಶಾಲೆಯವರು ಹೇಳಿದ ಅಳತೆಗೇ ಹೊಲಿದಿದ್ದರೂ ಎಲ್ಲವೂ ದೊಗಳೆ. ಭಾವನ ಮರ್ಯಾದೆ ಮೂರಾಬಟ್ಟೆಯಾಯಿತು. ನನಗೆ ಏನೋ ಅನುಮಾನ ಬಂದು, ಹೊಸ ಟೇಪೊಂದನ್ನು ತಂದು ಹಳೆಯದರ ಪಕ್ಕ ಮೇಜಿನ ಮೇಲೆ ಹಾಸಿದೆ. ಹಳೆಯದು ಎಳೆಸಿಕೊಂಡೂ ಎಳೆಸಿಕೊಂಡೂ ಹಿಗ್ಗಿ, ಅದರ ಒಂದೊಂದು ಇಂಚೂ ಉದ್ದವಾಗಿತ್ತು. ಅಂಥ ಇಂಚಿನಲ್ಲಿ ಅಳೆದರೆ ಯಾರ ಸೊಂಟ ತಾನೇ ಕಡಿಮೆ ಬರುವುದಿಲ್ಲ? ಅಕ್ಕ ಭಾವನಿಗೆ ಹೊಸ ಟೇಪು ಸುತ್ತಿದಳು. ಸೊಂಟ ಎಲ್ಲಿತ್ತೋ ಅಲ್ಲೇ ಇತ್ತು. ಅವಳು ಬಟ್ಟೆಯ ರಾಶಿಯ ಮೇಲೆ ಕುಸಿದು ಅತ್ತುಬಿಟ್ಟಳು.

ಮರುದಿನವೇ ಭಾವನನ್ನು ಆಸ್ಪತ್ರೆಗೆ ಎಳೆದೊಯ್ದೆವು. ಡಾಕ್ಟರಮ್ಮ ಬಲಪಕ್ಕೆಯ ಕೆಳಗೆ ಸ್ಕ್ಯಾನಿನ ಹಿಡಿಕೆ ಆಡಿಸುವಾಗ ಭಾವ ಅಕ್ಕನ ಕೈಯನ್ನು ಮೂಳೆ ಮುರಿಯುವ ಹಾಗೆ ಹಿಡಿದಿದ್ದರು.

"ಏನೂ ಇಲ್ಲ, ಎಲ್ಲ ಚೆನ್ನಾಗಿದೆ. ಮುಂದಿನ ವರ್ಷ ತಪ್ಪಿಸಬೇಡಿ" ಎಂದರು ಡಾಕ್ಟರಮ್ಮ.

ಅಕ್ಕ ಉಸಿರು ಬಿಟ್ಟಳು. ಭಾವ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

"ತಪ್ಪು ತಿಳ್ಕೋಬೇಡಿ ಡಾಕ್ಟ್ರಮ್ಮ... ಈ ಮೆಷಿನ್ ಎಷ್ಟು ಹಳೇದು?"